ಒಡಲ ಹುಣ್ಣಿಗೆ ಕನ್ನಡಿ

ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲವೆಂಬ ಗಾದೆಯು ನಿಜವೇ. ಒಡಲೊಳಗಿನ ಹುಣ್ಣಿಗಾದರೋ ಕನ್ನಡಿಯು ಬೇಕೇ ಬೇಕು. ಇದನ್ನು ಮರೆತು ಊಹೆಯ ಮೇಲೆ ಮದ್ದು ನುಂಗುವುದು ಅಪಾಯಕರವಾದುದರಿಂದ ವಾಚಕರಿಗೆ ಕೆಲವು ಮಾತುಗಳನ್ನು ಅರಿಕೆ ಮಾಡಬೇಕಾಗಿದೆ.

ಅಲ್ಸರೇಟಿವ್ ಕೊಲೈಟಿಸ್ ಎಂಬುದು ದೊಡ್ಡ ಕರುಳಿನ ಒಳಪೊರೆಯಲ್ಲಿ ಹುಣ್ಣಾಗಿ ರಕ್ತಭೇದಿಯನ್ನುಂಟುಮಾಡುವ ದೀರ್ಘವ್ಯಾಧಿಯು. ಔಷಧಕ್ಕೆ ಬಗ್ಗದಿದ್ದಲ್ಲಿ ದೊಡ್ಡ ಕರುಳನ್ನೂ ಮಲಾಶಯವನ್ನೂ ತೆಗೆಯಬೇಕಾಗುವುದು. ಹಿಂದೆ ಅಂಥವರು ಬಹುಮಟ್ಟಿಗೆ ಹೊಟ್ಟೆಯ ಮೇಲೆ ಚೀಲ ಕಟ್ಟಿಕೊಂಡೇ ಬಾಳಬೇಕಾಗಿದ್ದಿತು. 1978ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕೊಲ್ಸ್ ಎಂಬ ಶಸ್ತ್ರವೈದ್ಯರು, ಸಣ್ಣ ಕರುಳಿನ ತುದಿಯನ್ನೇ ಮಡಿಸಿ ಹೊಲಿದು, ಒಳಗೇ ಒಂದು ಸಂಚಿಯನ್ನು ರಚಿಸಿ ಗುದಕ್ಕೆ ಸೇರಿಸುವ ಕ್ರಮವನ್ನು ಪ್ರಕಟಿಸಿದರು.

ಇದು ಮಹೋಪಕಾರವೆಂಬುದು ನಿರ್ವಿವಾದವು. ಆದರೆ ಸಂಚಿಯುಳ್ಳವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ಎಂದಾದರೊಮ್ಮೆ ಆ ಸಂಚಿಯೇ ಉರಿಯೂತಕ್ಕೀಡಾಗುವುದು. ವೈದ್ಯರು ಇದನ್ನು ಪೌಚೈಟಿಸ್ ಎನ್ನುವರು. ಭೇದಿಯು ಹೆಚ್ಚುವುದು, ತಡೆಯಲಾರದ ಅವಸರ, ಹೊಟ್ಟೆನುಲಿತ, ಕೆಲವೊಮ್ಮೆ ಜ್ವರವೂ ಕಾಣುವುದು. ತೊಡಕಿರುವುದು ಇಲ್ಲಿಯೇ. ಇವೇ ಲಕ್ಷಣಗಳು ಅನ್ಯ ಕಾರಣಗಳಿಂದಲೂ ಬರುವುವು. ಉಳಿಸಿದ ಮಲಾಶಯದ ಅಂಚು ಕೆರಳಿರಬಹುದು; ಜೋಡಣೆಯ ಸ್ಥಳವು ಕಿರಿದಾಗಿರಬಹುದು; ಹೊಲಿಗೆ ಸೋರಿ ಕೀವು ನಿಂತಿರಬಹುದು; ಅಥವಾ ಕ್ರೋನ್ಸ್ ಎಂಬ ಬೇರೊಂದು ವ್ಯಾಧಿಯೇ ತಲೆದೋರಿರಬಹುದು.

ಆದುದರಿಂದ ಎಂಡೊಸ್ಕೋಪ್ ಎಂಬ ನಳಿಗೆಯಿಂದ ಸಂಚಿಯ ಒಳಗನ್ನು ನೋಡಿ, ಒಳಪೊರೆಯ ಚೂರನ್ನು ತೆಗೆದು ಪರೀಕ್ಷಿಸುವುದೇ ಸರಿಯಾದ ಮಾರ್ಗವು. ಕೀವಿನ ಶಂಕೆಯಿದ್ದರೆ ಎಂ.ಆರ್.ಐ. ಚಿತ್ರವನ್ನೂ ತೆಗೆಯಿಸಬೇಕು. ಪೌಚೈಟಿಸಿಗೆ ಸಾಮಾನ್ಯವಾಗಿ ಎರಡು ವಾರಗಳ ಕಾಲ ಸಿಪ್ರೊಫ್ಲಾಕ್ಸಸಿನ್ ಅಥವಾ ಮೆಟ್ರೊನಿಡಜೋಲ್ ಕೊಡುವರು. ಅಂಚಿನ ಉರಿಗೆ ಗುದದಲ್ಲಿಡುವ ಮೆಸಲಮಿನ್ ಗುಳಿಗೆಯುಂಟು. ಕಿರಿದಾದುದನ್ನು ಹಿಗ್ಗಿಸಬೇಕು, ಕೀವನ್ನು ಬಸಿಯಬೇಕು. ಒಂದರ ಚಿಕಿತ್ಸೆಯು ಮತ್ತೊಂದಕ್ಕೆ ಸಲ್ಲದು. ಮದ್ದಿಗೆ ಮಣಿಯದ ಹಳೆಯ ಪೌಚೈಟಿಸಿಗೆ ವೆಡೊಲಿಜುಮ್ಯಾಬ್ ಎಂಬ ಔಷಧವು 2022ರಲ್ಲಿ ಯೂರೋಪಿನಲ್ಲಿ ಅಂಗೀಕೃತವಾಯಿತು. ಹೊಟ್ಟೆಯುಬ್ಬರ, ವಾಂತಿ, ವಿಸರ್ಜನೆ ನಿಲ್ಲುವಿಕೆ ಇವು ಒಟ್ಟಿಗೆ ಕಂಡರಂತೂ ಕರುಳು ಕಟ್ಟಿರುವ ಸೂಚನೆಯೆಂದು ತಿಳಿದು, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ಕಚೇರಿಯಲ್ಲಿ ಬಾರಿಬಾರಿಗೆ ಏಳಬೇಕಾದೀತೆಂದು ಊಟ ಬಿಟ್ಟು, ಹಳೆಯ ಚೀಟಿಯ ಗುಳಿಗೆಯನ್ನೇ ತರಿಸಿ ನುಂಗುತ್ತ, ಮಲದ ಮಾತಾಡಲು ಸಂಕೋಚಪಟ್ಟು ಸುಮ್ಮನಿರುವ ಸಂಭಾವಿತರುಂಟು. ಸಂಕೋಚವು ಸಭೆಯಲ್ಲಿ ಭೂಷಣವಾದೀತು. ವೈದ್ಯನ ಮುಂದೆ ಸಲ್ಲದು. ಮನೆಯವರೂ ಇದನ್ನರಿತು ರೋಗಿಗೆ ಧೈರ್ಯ ಹೇಳಬೇಕು.