ಸುಸ್ಥಿರ ಅಭಿವೃದ್ಧಿಗೆ ಪರಿಸರ ಸಂಶೋಧನೆ: ಹಾಸನದ ಹೊಂಗೆ ಕಲಿಸುವ ಪಾಠ

ಇಂದಿನವರ ಅಗತ್ಯಗಳನ್ನು ಪೂರೈಸುವ ಭರದಲ್ಲಿ ಮುಂದಿನ ಪೀಳಿಗೆಯ ಪಾಲನ್ನು ಕಸಿದುಕೊಳ್ಳದ ಅಭಿವೃದ್ಧಿಯೇ ಸುಸ್ಥಿರ ಅಭಿವೃದ್ಧಿ. 1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗದ ವರದಿ ಈ ವಿಚಾರವನ್ನು ಜಗತ್ತಿನ ಮುಂದಿಟ್ಟಿತು. ಆದರೆ ಯಾವ ಊರಿನ ಯಾವ ನೆಲದಲ್ಲಿ ಏನು ಮಾಡಬೇಕು ಎಂಬುದನ್ನು ಘೋಷಣೆಗಳು ಹೇಳಲಾರವು. ಅದನ್ನು ಹೇಳಬೇಕಾದುದು ಪರಿಸರ ಸಂಶೋಧನೆ. ಇದಕ್ಕೆ ಹಾಸನ ಜಿಲ್ಲೆಯಲ್ಲಿ ಒಳ್ಳೆಯ ಉದಾಹರಣೆ ಇದೆ.

ಹಾಸನದ ಆಲೂಗಡ್ಡೆ, ಚನ್ನರಾಯಪಟ್ಟಣದ ತೆಂಗು ಮತ್ತು ರಾಗಿ, ಹೊಳೆನರಸೀಪುರದ ಹೇಮಾವತಿ ತೀರದ ಭತ್ತ, ಅರಕಲಗೂಡಿನ ಹೊಗೆಸೊಪ್ಪು - ಒಂದೊಂದು ತಾಲೂಕಿನ ಬೆಳೆ ಒಂದೊಂದು ಬಗೆ. ಹೊಗೆಸೊಪ್ಪು ಹದಗೊಳಿಸಲು ಸೌದೆ ಬೇಕು, ಟ್ರ್ಯಾಕ್ಟರ್‌ಗೆ ಡೀಸೆಲ್ ಬೇಕು. ಒಂದು ಮರವನ್ನು ಕರಗಿಸುತ್ತದೆ, ಇನ್ನೊಂದು ರೈತನ ಜೇಬನ್ನು.

ಈ ಹಿನ್ನೆಲೆಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು 2007ರಲ್ಲಿ ಹಾಸನ ಸಮೀಪದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಸ್ಥಾಪಿಸಿತು. ಇಲ್ಲಿನ ಚಿಂತನೆ ಸರಳ: ಅನ್ನ ಬೆಳೆಯುವ ಹೊಲವನ್ನು ಮುಟ್ಟಬಾರದು. ಬದು, ಬೇಲಿ, ರಸ್ತೆಬದಿ, ಪಾಳು ಜಾಗಗಳಲ್ಲಿ ಹೊಂಗೆ, ಬೇವು, ಹಿಪ್ಪೆಯಂತಹ ಮರಗಳನ್ನು ಬೆಳೆಸಬೇಕು. ಬೇಸಿಗೆಯಲ್ಲಿ ಹೊಲದ ಕೆಲಸ ಕಡಿಮೆ ಇರುವಾಗ ಬೀಜ ಆರಿಸಿದರೆ ಕೈಗೆ ನಾಲ್ಕು ಕಾಸು ಬರುತ್ತದೆ.

ಹೊಂಗೆಯ ಗುಣ ನಮ್ಮ ಹಿರಿಯರಿಗೆ ಗೊತ್ತಿತ್ತು. ಎಣ್ಣೆಯಿಂದ ದೀಪ ಹಚ್ಚಿದರು, ಸೊಪ್ಪನ್ನು ಗದ್ದೆಗೆ ತುಳಿದರು, ಹಿಂಡಿಯನ್ನು ಗೊಬ್ಬರ ಮಾಡಿದರು. ವಿಜ್ಞಾನ ಇದಕ್ಕೆ ಲೆಕ್ಕವನ್ನು ಸೇರಿಸಿತು. ಸುಮಾರು 4 ಕಿಲೋ ಬೀಜದಿಂದ 1 ಲೀಟರ್‌ನಷ್ಟು ಎಣ್ಣೆ ಸಿಗುತ್ತದೆ. ಎಣ್ಣೆಯನ್ನು ಮೆಥನಾಲ್ ಜೊತೆ ವರ್ತಿಸುವಂತೆ ಮಾಡಿದಾಗ ಬಯೋಡೀಸೆಲ್ ದೊರೆತು, ಗ್ಲಿಸರಿನ್ ಬೇರ್ಪಡುತ್ತದೆ. ಹಿಂಡಿ ಮಣ್ಣಿಗೆ ಮರಳುತ್ತದೆ. ದ್ವಿದಳ ಜಾತಿಯ ಈ ಮರದ ಬೇರು ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಯಾವ ಮರ ಹೆಚ್ಚು ಬೀಜ ಕೊಡುತ್ತದೆ, ಕಸಿ ಮಾಡಿದರೆ ಎಷ್ಟು ಬೇಗ ಫಲ ಬರುತ್ತದೆ ಎಂಬುದೆಲ್ಲ ಸಂಶೋಧನೆಯ ಕೆಲಸ.

ಸಂಶೋಧನೆಗೆ ಮೊದಲೇ ಪ್ರಚಾರ ನಡೆದರೆ ಏನಾಗುತ್ತದೆ? ಇದಕ್ಕೆ ಜತ್ರೋಫಾ ಸಾಕ್ಷಿ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಈ ಗಿಡವನ್ನು ದೇಶದಾದ್ಯಂತ ಬೆಳೆಸಲು ಶಿಫಾರಸು ಮಾಡಿತು. ಬರಡು ನೆಲದಲ್ಲೂ ಬಂಗಾರ ಬೆಳೆದೀತೆಂಬ ಆಸೆ ಹುಟ್ಟಿತು. ಗಿಡ ಬದುಕಿತು, ಆದರೆ ನೀರು ಗೊಬ್ಬರವಿಲ್ಲದೆ ಕಾಯಿ ಬಿಡಲಿಲ್ಲ. ನಂಬಿ ನೆಟ್ಟ ಎಷ್ಟೋ ಬಡ ರೈತರು ನಷ್ಟ ಅನುಭವಿಸಿದರು. 2009ರ ರಾಷ್ಟ್ರೀಯ ನೀತಿ 2017ರೊಳಗೆ ಶೇ. 20ರಷ್ಟು ಜೈವಿಕ ಇಂಧನ ಬೆರೆಸುವ ಗುರಿ ಇಟ್ಟಿತ್ತು. ಅದು ಈಡೇರಲಿಲ್ಲ. 2018ರ ನೀತಿ ಡೀಸೆಲ್‌ನಲ್ಲಿ 2030ರೊಳಗೆ ಶೇ. 5 ಬಯೋಡೀಸೆಲ್ ಎಂಬ ಗುರಿಗೆ ಇಳಿಯಿತು.

ಹೊಂಗೆಗೂ ಮಿತಿಗಳಿವೆ. ನೆಟ್ಟ ಗಿಡ ಫಲ ಕೊಡಲು ಹಲವು ವರ್ಷ ಕಾಯಬೇಕು. ಬೀಜದ ಬೆಲೆ ಆರಿಸುವವರ ಕೂಲಿಗೂ ಸಾಲದಿದ್ದರೆ ಕಾಯಿ ಮರದಡಿಯೇ ಕೊಳೆಯುತ್ತದೆ. ಆದ್ದರಿಂದ ಸಂಶೋಧನೆ ಗಿಡದ ಬಳಿ ನಿಲ್ಲದೆ ಗಾಣದವರೆಗೆ, ಸಂತೆಯವರೆಗೆ, ಬೀಜ ಆರಿಸುವ ಹೆಣ್ಣುಮಗಳ ಕೂಲಿಯವರೆಗೆ ಹೋಗಬೇಕು.

ಒಂದು ಯೋಜನೆ ಸೋತರೆ ಅಧಿಕಾರಿಗೆ ವರ್ಗಾವಣೆಯಾಗುತ್ತದೆ, ಕಡತ ಮುಚ್ಚುತ್ತದೆ. ರೈತನಿಗೆ ಮಾತ್ರ ಇರುವುದು ಅದೇ ನೆಲ. ಅವನ ಹೊಲಕ್ಕೆ ಯೋಜನೆಯನ್ನು ಒಯ್ಯುವ ಮೊದಲು ಪರೀಕ್ಷಿಸಿ ನೋಡುವುದು ಅವನಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ನ್ಯಾಯ.