ಮಗುವಿನ ಕೈಗೆ ಕುಂಚ

ನಾಲ್ಕು ವರ್ಷದ ಮಗು ನೀಲಿ ಆನೆಯೊಂದನ್ನು ಬರೆದು ತಂದಾಗ, "ಆನೆ ಎಲ್ಲಾದರೂ ನೀಲಿಯಾಗಿರುತ್ತದೆಯೇ?" ಎಂದು ತಿದ್ದುವ ಹಿರಿಯರೇ ಹೆಚ್ಚು. ಕೇಳಿದ್ದರೆ, ಅದು ಕೆರೆಯಲ್ಲಿ ಮುಳುಗಿದ ಆನೆಯೆಂದು ತಿಳಿಯುತ್ತಿತ್ತು! ಹೀಗೆ ಪದೇ ಪದೇ ತಿದ್ದಿಸಿಕೊಂಡ ಕೂಸು ಕಡೆಗೆ "ನೀನೇ ಬರೆದುಕೊಡಮ್ಮ" ಎಂದು ಕುಂಚವನ್ನು ಕೆಳಗಿಡುತ್ತದೆ. 1897ರಲ್ಲಿ ವಿಯೆನ್ನಾದಲ್ಲಿ ಮಕ್ಕಳ ಚಿತ್ರಕಲಾ ತರಗತಿಯನ್ನು ತೆರೆದ ಫ್ರಾಂಟ್ಸ್ ಚಿಜೆಕ್ ಎಂಬವರು, ಮಕ್ಕಳಿಂದ ನಕಲು ಮಾಡಿಸುವುದನ್ನು ಬಿಟ್ಟು, ಅವರ ಮನಸ್ಸಿನಲ್ಲಿರುವುದನ್ನೇ ಬರೆಯಗೊಟ್ಟರು.

ಹಾಗೆಂದು ಬಣ್ಣದ ಡಬ್ಬಿಯನ್ನು ಕೊಟ್ಟು ತಾಯಿ ಅಡುಗೆಮನೆಗೆ ನಡೆದುಬಿಡಬೇಕೆಂದಲ್ಲ. ಹಳೆಯ ಪತ್ರಿಕೆ ಹಾಸಿ, ಕೆಂಪು, ಹಳದಿ, ನೀಲಿ ಮೂರೇ ಬಣ್ಣಗಳನ್ನು ಕೊಡಿ. ಹಳದಿಯೊಡನೆ ನೀಲಿ ಬೆರೆತು ಹಸಿರಾಗುವುದನ್ನು ಮಗು ತಾನೇ ಕಂಡುಕೊಳ್ಳಲಿ. ಮುಂಚೆಯೇ ಹೇಳಿಬಿಡುವ ಚಪಲವನ್ನು ತಡೆದುಕೊಳ್ಳುವುದು ಕಷ್ಟವೇ ಸರಿ. ದಪ್ಪ ಬಿಳಿಯ ಹಾಳೆಯ ಮೇಲೆ ಮೇಣದಬತ್ತಿಯ ತುಂಡಿನಿಂದ ಒತ್ತಿ ಗೀಚಿಸಿ, ಮೇಲೆ ತೆಳುವಾದ ನೀರುಬಣ್ಣ ಬಳಿಸಿರಿ. ಮೇಣಕ್ಕೆ ನೀರು ಹತ್ತದಾದ್ದರಿಂದ ಕಾಣದಿದ್ದ ಗೆರೆಗಳೆಲ್ಲ ಬೆಳ್ಳಗೆ ಮೂಡುತ್ತವೆ. ಒಣಗಿದ ಮೇಲೆ ಲಗ್ನಪತ್ರಿಕೆಯ ಚೂರು, ಬಟ್ಟೆಯ ತುಂಡು, ಉದುರಿದ ಎಲೆಗಳನ್ನು ಮೈದಾಹಿಟ್ಟಿನ ಅಂಟಿನಿಂದ ಅಂಟಿಸಲಿ. ತೀರ ಚಿಕ್ಕವರಿಗೆ ಗುಂಡಿ, ಮಣಿಗಳು ಮಾತ್ರ ಬೇಡ. ಅವು ನೆಟ್ಟಗೆ ಬಾಯಿಗೆ ಹೋಗುತ್ತವೆ.

ಚಿತ್ರದ ಕಥೆಯನ್ನು ಮಗುವಿನಿಂದಲೇ ಹೇಳಿಸಿ, ಹಾಳೆಯ ಹಿಂದೆ ಅದರ ಮಾತಿನಲ್ಲಿಯೇ ತಾರೀಖಿನೊಡನೆ ಬರೆದಿಡಿ.