ರೇಷ್ಮೆಹುಳು ಸಾಕುವ ಕೋಣೆಯ ಅಳತೆಯೂ ಅದಕ್ಕೆ ತಕ್ಕ ಶಾಖ ಶೈತ್ಯಗಳೂ

ರೇಷ್ಮೆಯ ಬೆಳೆಯು ಕೆಟ್ಟಾಗ ಮೊಟ್ಟೆಯನ್ನೋ ಸೊಪ್ಪನ್ನೋ ದೂರುವುದು ವಾಡಿಕೆ. ಆದರೆ ಕೋಣೆಯ ಅಳತೆಗೂ ಅದರಲ್ಲಿ ಒದಗಿಸುವ ಶಾಖಕ್ಕೂ ಹೊಂದಿಕೆಯಿಲ್ಲದೆ ಬೆಳೆ ಕೆಡುವುದೂ ಉಂಟು. ಎರಡನೆಯ ಜ್ವರ ಕಳೆಯುವವರೆಗೆ ಚಾಕಿ ಹುಳುಗಳಿಗೆ 26ರಿಂದ 28 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯೂ ನೂರಕ್ಕೆ 80ರಿಂದ 90ರಷ್ಟು ತೇವಾಂಶವೂ ಇರತಕ್ಕದ್ದು. ದೊಡ್ಡ ಹುಳುಗಳಿಗೆ 24–25 ಡಿಗ್ರಿಯೂ ಸುಮಾರು 70ರಷ್ಟು ತೇವಾಂಶವೂ ಸಾಕು.

ಉದ್ದ, ಅಗಲ, ಎತ್ತರ ಹತ್ತು ಹತ್ತು ಅಡಿಯಿರುವ ಕೋಣೆಯಲ್ಲಿ 1000 ಘನ ಅಡಿ ಗಾಳಿಯಿರುತ್ತದೆ. ಆ ಗಾಳಿಯನ್ನು ಮಾತ್ರ 5 ಡಿಗ್ರಿ ಬಿಸಿಮಾಡಲು ಒಂದು ಕಿಲೋವಾಟ್ ವಿದ್ಯುತ್ ಹೀಟರಿಗೆ ಸುಮಾರು ಮೂರೇ ನಿಮಿಷ ಸಾಕು. ಹೀಗಿದ್ದರೂ ರಾತ್ರಿಯೆಲ್ಲಾ ಶಾಖ ಕೊಡಬೇಕಾಗುವುದೇಕೆಂದರೆ, ಅದು ಗೋಡೆ, ಚಾವಣಿ, ಬಿರುಕುಗಳ ಮೂಲಕ ಎಡೆಬಿಡದೆ ಹೊರಗೆ ಹೋಗುತ್ತಿರುತ್ತದೆ. ಕೋಣೆಯ ಉದ್ದಗಲಗಳನ್ನು ಇಮ್ಮಡಿಸಿದರೆ ಗೋಡೆಗಳು ಎರಡರಷ್ಟಾದರೆ ಚಾವಣಿಯು ನಾಲ್ಕರಷ್ಟಾಗುತ್ತದೆ. ಆದಕಾರಣ ಮೊದಲು ಹೆಂಚಿನ ಅಥವಾ ತಗಡಿನ ಕೆಳಗೆ ಚಾಪೆಯ ಒಳಚಾವಣಿ ಕಟ್ಟಿ, ಬಿರುಕು ಮುಚ್ಚಿ, ಅನಂತರ ಹೀಟರನ್ನು ಆರಿಸತಕ್ಕದ್ದು. ಚಾಕಿಗೆ ಬೇರೆ ಚಿಕ್ಕ ಕೋಣೆಯಿರುವುದು ಎಲ್ಲಕ್ಕಿಂತ ಮಿತವ್ಯಯದ್ದು.

ಅಳತೆ ಮೀರಿದ ಶಾಖವೂ ಹಾನಿಕರವೇ. 20 ಡಿಗ್ರಿಯಲ್ಲಿ 85ರಷ್ಟು ತೇವಾಂಶವಿದ್ದ ಗಾಳಿಯನ್ನು ನೀರು ಸೇರಿಸದೆ 27 ಡಿಗ್ರಿಗೆ ಏರಿಸಿದರೆ ಅದು ಸುಮಾರು 56ಕ್ಕೆ ಇಳಿಯುತ್ತದೆ. ಸೊಪ್ಪು ಬಾಡಿ, ಹುಳುಗಳು ಏರುಪೇರಾಗಿ ಬೆಳೆಯುವುವು. ಆದುದರಿಂದ ಹೀಟರಿನ ಬಳಿ ನೀರಿನ ಅಗಲವಾದ ಪಾತ್ರೆಯನ್ನಿಡಬೇಕು. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆಯನ್ನು ಎಂದಿಗೂ ಇಡಕೂಡದು. ಅದರ ವಿಷವಾಯುವಿಗೆ ವಾಸನೆಯಿಲ್ಲ, ಒಳಗೆ ಮಲಗಿದವರ ಪ್ರಾಣಕ್ಕೂ ಅಪಾಯ.

ಬೇಸಿಗೆಯಲ್ಲಿ ಇದರ ವಿಪರ್ಯಯ. ಕಿಟಕಿಗೆ ಕಟ್ಟಿದ ಒದ್ದೆ ಗೋಣಿತಾಟಿನಿಂದ ಒಂದು ಲೀಟರು ನೀರು ಆವಿಯಾದರೆ, ಒಂದು ಕಿಲೋವಾಟ್ ಹೀಟರು ನಲವತ್ತು ನಿಮಿಷ ಕೊಡುವಷ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಒಣಗಾಳಿ ಬೀಸುವಾಗ ಇದು ಫಲಕಾರಿ. ಮಳೆಗಾಲದಲ್ಲಿಯಾದರೋ ನೀರು ಆರುವುದಿಲ್ಲ. ತಂಪೂ ದೊರೆಯದು, ತೇವ ಹೆಚ್ಚಿ ಸುಣ್ಣಕಟ್ಟು ರೋಗಕ್ಕೆ ಎಡೆಯಾಗುವುದು. ಆಗ ಕಿಟಕಿಗಳನ್ನು ತೆರೆದು ಗಾಳಿಯಾಡಿಸುವುದೇ ಯುಕ್ತ.

ಉಷ್ಣಮಾಪಕವನ್ನು ಗೋಡೆಗೆ ತೂಗುಹಾಕದೆ ತಟ್ಟೆಗಳ ಮಟ್ಟದಲ್ಲಿ, ಮೇಲಿನ ಅಂತಸ್ತಿನಲ್ಲೊಂದು ಕೆಳಗೊಂದು ಇಟ್ಟು, ಸಂಜೆಯೂ ಬೆಳಗಿನ ಜಾವವೂ ನೋಡಬೇಕು. ಬೆಳಗಿನ ಜಾವದಲ್ಲಿ ಉಷ್ಣತೆ ಕುಸಿದರೆ ಶಾಖ ಸಾಲದು ಅಥವಾ ಚಾವಣಿ ಸೋರುತ್ತಿದೆ. ಮೇಲಕ್ಕೂ ಕೆಳಕ್ಕೂ ಬಹಳ ಅಂತರವಿದ್ದರೆ ತಟ್ಟೆಗಳನ್ನು ಸ್ಥಳ ಬದಲಿಸುತ್ತಿರಬೇಕು. ಗ್ರಾಮದ ಮುಖಂಡರೂ ಜಮೀನುದಾರರೂ ಹೊಸ ಹುಳುಮನೆ ಕಟ್ಟಿಸುವ ಮುನ್ನವೇ ಈ ಲೆಕ್ಕವನ್ನು ಮಾಡಿದಲ್ಲಿ, ಮುಂದೆ ಬೆಳೆಯ ನಷ್ಟವೂ ವಿದ್ಯುತ್ತಿನ ವೆಚ್ಚವೂ ತಗ್ಗುವುವು.